ಸಾಕಮ್ಮನ ಹಿತ್ತಲ ಸಾರು

ಹ್ಯಾಂಡ್‌ಪೋಸ್ಟ್ ಪೇಟೆಯ ಅಂಗಡಿಗಳ ತರಕಾರಿ ಎಂದರೆ ಸಾಕಮ್ಮ ಮೂಗು ಮುರಿಯುತ್ತಾಳೆ. ನೆರೆಯವಳ ಚೀಲ ಇಣುಕಿ, "ಅದು ಬದ್ನೇಕಾಯಲ್ಲ ಕಣವ್ವ, ಬಣ್ಣ ಬಳ್ದಿರೋ ನೀರು" ಎನ್ನದಿದ್ದರೆ ಅವಳಿಗೆ ಬೆಳಗಾಗದು. ಅವಳ ಬೇಳೆಸಾರಿಗೆ ತೊಗರಿ ಸ್ವಂತ ಹೊಲದ್ದೇ ಆಗಬೇಕು. ಬದನೆ, ನುಗ್ಗೆ, ಕುಂಬಳ ಹಿತ್ತಲಿನವೇ ಆಗಬೇಕು. ಬೇಳೆ ಕುದಿ ಬಂದ ಮೇಲೆಯೇ ಕಾಯಿ ಕೀಳಲು ಹೋಗುತ್ತಾಳೆ. ಬಾಡಿದ್ದೊಂದು ಸಾರಿಗೆ ಬಿದ್ದರೆ ಊರಿಗೇ ಕೇಡು ಎಂಬಂತೆ ಓಡಿ ಬರುತ್ತಾಳೆ. ಒಗ್ಗರಣೆ ಚಟಪಟ ಎಂದರೆ ಅಕ್ಕಪಕ್ಕದವರು ಬಟ್ಟಲು ಹಿಡಿದು ಬಂದೇ ಬಿಡುತ್ತಾರೆ. ಗಂಡ ಚೆಲುವರಾಜುವಿಗೆ ಬಾಯಿ ಕ್ಯಾನ್ಸರ್ ಆಗಿ, ಮೈಸೂರಿನಲ್ಲಿ ನಾಲಿಗೆ ತೆಗೆದು, ಹೊಟ್ಟೆಗೆ ಟ್ಯೂಬು ಹಾಕಿ ಕಳಿಸಿದ ಮೇಲೂ ಈ ಕ್ರಮ ತಪ್ಪಲಿಲ್ಲ. ಅವನ ಪಾಲನ್ನು ಖಾರ ಹಾಕದೆ ಬೇರೆ ಬೇಯಿಸಿ, ಅರೆದು, ಬಟ್ಟೆಯಲ್ಲಿ ಸೋಸಿ ಸಿರಿಂಜಿಗೆ ತುಂಬುತ್ತಾಳೆ. "ಟ್ಯೂಬಿಗೆ ಹಾಕಕ್ಕೆ ಡಾಕ್ಟ್ರು ಕೊಟ್ಟ ಪುಡಿ ಸಾಕಲ್ವಾ ಅವ್ವ? ನಾಲ್ಗೇನೇ ಇಲ್ಲ, ಅಪ್ಪಂಗೆ ರುಚಿ ಎಲ್ಲಿ ಗೊತ್ತಾಯ್ತದೆ?" ಎಂದು ಮಗಳು ರೂಪಶ್ರೀ ಒಂದು ದಿನ ಕೇಳಿಯೇಬಿಟ್ಟಳು. ಸಾಕಮ್ಮ ಸಿರಿಂಜನ್ನು ಮೆಲ್ಲಗೆ ಒತ್ತುತ್ತ, ಗಂಡನ ಮುಖವನ್ನೇ ನೋಡುತ್ತ, "ಇವತ್ತು ಎಳೇ ನುಗ್ಗೆಕಾಯಿ ಹಾಕಿವ್ನಿ, ಗೊತ್ತಾಯ್ತಾ?" ಎಂದಳು. ಅವನು ಕಣ್ಣು ಮುಚ್ಚಿ, ಬರಿದಾದ ಬಾಯಿಯನ್ನು ಅಗಿಯುವಂತೆ ನಿಧಾನವಾಗಿ ಆಡಿಸಿದ.