ಹೆಬ್ಬೆರಳಿಗೊಂದು ಅಂಗಿ

ನನ್ನ ಹೆಬ್ಬೆರಳು ಸತ್ತಿದೆಯೆಂದು ಗೊತ್ತಾಗಿದ್ದು ಅಕ್ಕಿಆಲೂರಿನ ಸಂತೆಯಲ್ಲಿ. ಬಳೆ ಇಡಿಸುವವರಿಗೆ ಹೆಬ್ಬೆರಳೇ ಎಲ್ಲ. ಗಿರಾಕಿಯ ಕೈ ಹಿಂಡಿ, ಗೆಣ್ಣು ಒಳಗೆ ಮಡಿಸಿ, ಬಳೆ ಜಾರಿಸಬೇಕು. ಎಷ್ಟು ಹಿಂಡಬೇಕೆಂದು ಬೆರಳಿಗೇ ಗೊತ್ತಿರುತ್ತದೆ. ಸಕ್ಕರೆ ಕಾಯಿಲೆ ಬಂದು ನನ್ನದು ಜೋಮು ಹಿಡಿದಿತ್ತು. ಹುಡುಗಿಯೊಬ್ಬಳು ಕಿರುಚಿದಾಗಲೇ ನೋಡಿದೆ, ಬಳೆ ಒಡೆದು ಅವಳ ಕೈಯಲ್ಲಿ ರಕ್ತ.

ಸೊಸೆ ಖಡಾಖಂಡಿತವಾಗಿ ಹೇಳಿದಳು: "ಸಾಕ್ ಮಾಡ್ರಿ ಅತ್ತಿ. ಇನ್ನೊಬ್ರ ಕೈ ಹರದ್ರ ಬಡಿಸ್ಕೊಂಡು ಬರ್ತೀರಿ."

ಅವಳ ಮಾತು ತಪ್ಪಲ್ಲ. ಆದರೆ ಮನೆಯಲ್ಲಿ ಕುಳಿತು ಟಿವಿ ನೋಡುವುದು ನನ್ನಿಂದಾಗದು. ಅದರಲ್ಲಿ ಅಳುವ ಹೆಂಗಸರು ಬಹಳ.

ಮೊಮ್ಮಗಳು ಹಾವೇರಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಅಕ್ಕಿ ಗಿರಣಿಯ ಹೊಟ್ಟನ್ನು ಕಾಲೇಜಿನ ಭಟ್ಟಿಯಲ್ಲಿ ಸುಟ್ಟು ಇದ್ದಲಿ ಪುಡಿ ಮಾಡಿ ತಂದಳು. ಗಂಜಿಯಲ್ಲಿ ಕಲಸಿ, ನನ್ನ ಹಳೇ ಸೀರೆಯ ತುಂಡಿಗೆ ಬಳಿದು, ಹೆಬ್ಬೆರಳಿಗೆ ಅಂಗಿ ಹೊಲಿದಳು. ಒತ್ತಿದರೆ ಇದ್ದಲಿಯ ಕಣಗಳು ಒಂದಕ್ಕೊಂದು ತಾಗಿ ಕರೆಂಟು ಹೆಚ್ಚು ಹರಿಯುತ್ತದಂತೆ. ಅತಿಯಾದರೆ, ಅಂಗಿಗೆ ತಂತಿಯಿಂದ ಜೋಡಿಸಿ ಮಣಿಕಟ್ಟಿಗೆ ಕಟ್ಟಿದ ಬ್ಯಾಟರಿ ಡಬ್ಬಿ ಕೂಗುತ್ತದೆ.

"ಪ್ಲಾಸ್ಟಿಕ್‌ದು ಸಿಗೂದಿಲ್ಲೇನ?" ಎಂದೆ.

"ಸಿಗತೈತಿ ಆಯಿ. ದಪ್ಪ ಇರ್ತೈತಿ, ಬೆರಳು ಮಡಚೂದಿಲ್ಲ. ಹಾಳಾದ್ರ ಮಣ್ಣಾಗ ಕೊಳಿಯೂದೂ ಇಲ್ಲ."

"ನಾನೂ ಮಣ್ಣಾಗ ಹೋಗಾಕಿನ. ಜೋಡಿ ಚಲೋ ಆತು ಬಿಡು."

ಹಾಕಿಕೊಂಡರೆ ಹಾಕಿಕೊಂಡ ಹಾಗೇ ಇರಲಿಲ್ಲ, ಅಷ್ಟು ಹಗುರ. ಜೋಮು ಹಿಡಿದ ಬೆರಳಿಗೆ ಏನು ಹಾಕಿದರೂ ಹಾಗೇ ಅನ್ನಿ. ಮೊಮ್ಮಗಳ ಕೈಯನ್ನೇ ಹಿಂಡಿ, ಅವಳು ನೋವಿಗೆ "ಹಾ" ಎಂದಲ್ಲಿ ಡಬ್ಬಿ ಕೂಗುವಂತೆ ಮಾಡಿಕೊಂಡೆವು.

ಸಂತೆಗೆ ಮೂವರೂ ಹೋದೆವು. ರೂಢಿಯಂತೆ ಮೊದಲ ಗಿರಾಕಿಯ ಕೈಗೆ ಸಾಬೂನಿನ ನೊರೆ ಹಚ್ಚಿದೆ. ಮನೆಯಲ್ಲಿ ಒಣಗೈ ಹಿಂಡಿದ್ದೆವು, ನೀರಿನ ನೆನಪು ಇಬ್ಬರಿಗೂ ಆಗಿರಲಿಲ್ಲ. ಗಂಜಿ ಕರಗಿತು. ಡಬ್ಬಿ ಬಾಯಿ ಮುಚ್ಚಲೊಲ್ಲದು. ಆಕೆಯ ಮುಂಗೈಯೆಲ್ಲ ಕಪ್ಪು.

"ಬಳಿ ಇಡಿಸ್ಕೊಳ್ಳಾಕ ಬಂದೇನ್ರಿ ಆಯಿ, ಕಾಡಿಗಿ ಹಚ್ಚಿಸ್ಕೊಳ್ಳಾಕಲ್ಲ!" ಎಂದಳು ಆಕೆ.

ಪಕ್ಕದಲ್ಲಿ ಮೆಣಸಿನಕಾಯಿ ಮಾರುವವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಸೊಸೆ ನಗಲಿಲ್ಲ. "ಮುಂದಿನ ಸಂತಿ ಒಂದು ನೋಡ್ತೇನಿ. ಆಮ್ಯಾಲ ಬಳಿ ಪೆಟ್ಟಿಗಿ ಅಟ್ಟಕ್ಕ."

ಮೊಮ್ಮಗಳು ಹೊಸ ಅಂಗಿ ಹೊಲಿದು, ನೀರು ಇಳಿಯದಂತೆ ಮೇಲೆ ತೆಳ್ಳಗೆ ಜೇನುಮೇಣ ಸವರಿದಳು.

ಮುಂದಿನ ಸಂತೆಯಲ್ಲಿ ಸೊಸೆಯೇ ನನ್ನೆದುರು ಬಂದು ಕುಳಿತಳು. "ಮೊದಲ ನನ್ನ ಕೈ ಹಿಡೀರಿ." ರೊಟ್ಟಿ ಬಡಿದು ಬಿರುಸಾದ ಕೈ. ನೊರೆ ಹಚ್ಚಿ ಹಿಂಡಿದೆ. ಗೆಣ್ಣಿನ ಹತ್ತಿರ ಡಬ್ಬಿ ಕೂಗಿತು.

"ನೋಡ್ರಿ, ಮತ್ತ ಹಿಂಡಿದ್ರಿ!"

"ಕೇಳಿಸ್ತು. ಸುಮ್ನ ಕುಂಡ್ರು."

ಬೆರಳು ಸಡಿಲಿಸಿದೆ. ಡಬ್ಬಿ ಸುಮ್ಮನಾಯಿತು. ಅವಳ ಕೈ ಸ್ವಲ್ಪ ತಿರುಗಿಸಿ ಬಳೆ ನೂಕಿದೆ, ದಾಟಿತು. ಗೀರು ಬಿದ್ದಿದೆಯೇನೋ ಎಂದು ಸೊಸೆ ಮುಂಗೈ ಹೊರಳಿಸಿ ಹೊರಳಿಸಿ ನೋಡಿದಳು. ಏನೂ ಸಿಗಲಿಲ್ಲ. ಇನ್ನೊಂದು ಕೈ ಚಾಚಿದಳು.