ಬೆಲ್ಟಿನ ಗುಣ

ಕೊರ್ತಾಲಿಮ್‌ನಲ್ಲಿ ಮದುವೆ ಮೆರವಣಿಗೆಯ ಕುದುರೆಯೊಂದರ ಮುಂಗಾಲಿನ ಗೆಣ್ಣು ಕೀವಾಗಿ ಬಾತಿತ್ತು. ಆಗಷ್ಟೇ ಪಶುವೈದ್ಯನಾಗಿದ್ದ ನಾನು ಅದರ ಯಜಮಾನರಿಗೆ, ವಿಜಯಪುರದ ಕಡೆಯ ಹಿರಿಯರಿಗೆ, ದೊಡ್ಡ ಪಾಠವನ್ನೇ ಮಾಡಿದೆ: ಗೆಣ್ಣಿನ ಮೇಲ್ಗಡೆ ಪಟ್ಟಿ ಬಿಗಿದು, ಅದರ ಕೆಳಗಿನ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಚುಚ್ಚಿದರೆ ಔಷಧಿ ಮೈಗೆಲ್ಲ ಹರಡದೆ ಅರ್ಧ ಗಂಟೆ ಅಲ್ಲೇ ನಿಲ್ಲುತ್ತದೆ. ಪಾಠ ಮುಗಿಸಿ ಚೀಲ ತೆರೆದರೆ ರಬ್ಬರ್ ಪಟ್ಟಿಯೇ ಇಲ್ಲ. ಮರೆತು ಬಂದೆ ಎನ್ನಲು ನಾಲಿಗೆ ಏಳಲಿಲ್ಲ. ಸೊಂಟದ ಬೆಲ್ಟ್ ಬಿಚ್ಚಿ ಬಿಗಿದೆ.

“ಬೆಲ್ಟ್ ಯಾಕ್ರಿ ಸಾಹೇಬ್ರ?”

“ಇದಕ್ಕ ಚರ್ಮದ್ದ ಚಲೋ, ಕಾಕಾ,” ಎಂದೆ, ಜಾರುತ್ತಿದ್ದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು. ಮೊದಲೇ ಮತ್ತಿನ ಮದ್ದು ಕೊಟ್ಟಿದ್ದರಿಂದ ಕುದುರೆ ಅರ್ಧ ಗಂಟೆ ತೂಕಡಿಸುತ್ತ ನಿಂತಿತು. ನಾನೂ ನಿಂತೆ, ಅಷ್ಟು ನೆಮ್ಮದಿಯಿಂದಲ್ಲ.

ಮರುದಿನ ಎರಡನೇ ಸೂಜಿಗೆ ಪಟ್ಟಿಯನ್ನು ಮರೆಯದೆ ಒಯ್ದೆ. ಬಾವು ಇಳಿದಿತ್ತು. ಕಾಕಾ ಓಣಿಯವರನ್ನೆಲ್ಲ ಕರೆದು ನಿಲ್ಲಿಸಿಕೊಂಡಿದ್ದರು.

“ಎಲ್ಲಾ ಆ ಬೆಲ್ಟಿನ ಗುಣಾರೀ!” ಎಂದು ಅವರಿಗೆ ಹೇಳಿ, ನನ್ನ ಕೈಗೊಂದು ಹೊಸ ಲಾಡಿ ಕೊಟ್ಟರು. “ಬೆಲ್ಟ್ ಕುದುರಿ ಕಾಲಾಗ ಇರೂತನಾ ನೀವು ಇದನ್ನ ಕಟಗೋರಿ.”

ಪಟ್ಟಿಯನ್ನು ಚೀಲದ ತಳಕ್ಕೆ ತುರುಕಿ, ಎಲ್ಲರೆದುರು ಬೆಲ್ಟ್ ಬಿಚ್ಚಿದೆ.