ಹುಳು ಹಣ್ಣಾದ ಭಾನುವಾರ

ಗೌರಿಬಿದನೂರಿನ ಮೈದಾನದಲ್ಲಿ ಗೋಲಿನ ಹಿಂದೆ ಸಾಮಾನ್ಯವಾಗಿ ಯಾರೂ ನಿಲ್ಲುವುದಿಲ್ಲ. ಹೆಣ್ಣುಮಕ್ಕಳ ಫುಟ್‌ಬಾಲ್ ಪಂದ್ಯವಾದರೆ ಪಕ್ಕದಲ್ಲೂ ನಿಲ್ಲುವುದಿಲ್ಲ. ಹಾಗಾಗಿ ಅಂದು ನನ್ನ ಬೆನ್ನ ಹಿಂದೆ ಇಬ್ಬರು ಅಪರಿಚಿತರು ಬಂದು ನಿಂತದ್ದು ಆಟ ಶುರುವಾಗುತ್ತಲೇ ಗೊತ್ತಾಯಿತು. ಒಬ್ಬರು ಇಸ್ತ್ರಿ ಮಾಡಿದ ಟೀ ಶರ್ಟಿನ ನಡುವಯಸ್ಸಿನ ಗಂಡಸು. ಅವರು ಹಾಕಿಕೊಂಡಿದ್ದ ಸೆಂಟಿನ ವಾಸನೆ ಗೋಲಿನ ಬಾಯಿಯವರೆಗೂ ಬರುತ್ತಿತ್ತು. ಇನ್ನೊಬ್ಬರು ಟ್ರ್ಯಾಕ್ ಪ್ಯಾಂಟ್ ತೊಟ್ಟ ಹೆಂಗಸು, ಹೆಗಲಿಗೊಂದು ಬಟ್ಟೆಚೀಲ. ಇಬ್ಬರೂ ಆಟ ನೋಡಿದ್ದಕ್ಕಿಂತ ಒಬ್ಬರನ್ನೊಬ್ಬರು ನೋಡಿದ್ದೇ ಹೆಚ್ಚು.

ನಾನು ಆಗ ಚಿಕ್ಕಬಳ್ಳಾಪುರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ, ಕಾಲೇಜು ತಂಡದ ಗೋಲ್‌ಕೀಪರ್ ಆಗಿದ್ದೆ. ಅದು ಕೊನೆಯ ಸೆಮಿಸ್ಟರ್. ಅದು ಮುಗಿದರೆ ಆಟವೂ ಮುಗಿಯುತ್ತಿತ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕೂ ಕಡೆ ಕಾಲೇಜು ಬಿಟ್ಟ ಹುಡುಗಿಗೆ ಗೋಲು ಕಾಯಲು ಜಾಗವಿರಲಿಲ್ಲ. ಈ ಚಿಂತೆಯನ್ನು ನಾನು ಯಾರಲ್ಲೂ ಆಡಿರಲಿಲ್ಲ. ಗ್ಲೌಸು ತೊಳೆದು ಹಗ್ಗಕ್ಕೆ ಹಾಕುವಾಗ ಮಾತ್ರ, ಇನ್ನೆಷ್ಟು ಸಲವೋ ಅನ್ನಿಸುತ್ತಿತ್ತು.

ಎದುರಿಗಿದ್ದದ್ದು ಚಿಂತಾಮಣಿಯ ಕಾಲೇಜು. ಅವರ ಸ್ಟ್ರೈಕರ್ ಕುಳ್ಳಗಿನ ಹುಡುಗಿ, ಆಟದುದ್ದಕ್ಕೂ ಬಾಯಿ ಮುಚ್ಚುವವಳಲ್ಲ.

"ಏಮ್ಮಾ ಗೋಡೆ, ಸ್ವಲ್ಪ ಪಕ್ಕಕ್ಕೆ ಜರುಗಮ್ಮಾ! ನಾನೂ ಒಂದು ಗೋಲು ಹೊಡ್ಕೊಂಡು ಮನೆಗೆ ಹೋಗ್ತೀನಿ."

ಒಂದು ಹೊಡೆದಳು ಕೂಡ. ಎಡಗಾಲಿನಲ್ಲಿ, ಮೂರು ಜನರ ನಡುವಿನಿಂದ, ನಾನು ಕೈ ಎತ್ತುವ ಮೊದಲೇ ಚೆಂಡು ನೆಟ್ಟಿನಲ್ಲಿತ್ತು. ಆ ಹೊತ್ತಿಗೆ ಸರಿಯಾಗಿ ಹಿಂದಿದ್ದ ಇಬ್ಬರೂ ನಮ್ಮ ಆಟದ ಮೇಷ್ಟ್ರು ಪಿ.ಡಿ. ಸರ್ ಅವರನ್ನು ಆಚೆಗೊಬ್ಬರು ಈಚೆಗೊಬ್ಬರು ಎಳೆದುಕೊಂಡು ನನ್ನ ವಿಷಯ ವಿಚಾರಿಸುತ್ತಿದ್ದರು. ಅಂದಿನ ಅತಿ ಒಳ್ಳೆಯ ಗೋಲನ್ನು ಇಬ್ಬರೂ ನೋಡಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಪಿ.ಡಿ. ಸರ್ ನನ್ನ ಸೀಟಿನ ಹತ್ತಿರ ಬಂದು ನಿಂತರು.

"ನಿನ್ನ ಹಿಂದೆ ನಿಂತಿದ್ರಲ್ಲ, ಅವರದು ಎರಡು ಹೊಸ ಲೀಗಂತೆ ಕಣಮ್ಮ, ಒಬ್ಬೊಬ್ಬರದು ಒಂದೊಂದು. ಅಕಾಡೆಮಿ ಹುಡುಗೀರನ್ನೆಲ್ಲ ದೊಡ್ಡ ತಂಡದವರು ಆಗಲೇ ಬಾಚ್ಕೊಂಡು ಹೋಗಿದ್ದಾರೆ. ಇವರಿಗೆ ಉಳಿದಿರೋರು ನಾವೇ. ಅದಕ್ಕೇ ಕಾಲೇಜು ಕಾಲೇಜು ಸುತ್ತುತಾ ಇದ್ದಾರೆ."

ಉಳಿದಿರುವವರು ಎಂಬ ಮಾತು ನನಗೆ ಬೇಸರ ತರಲಿಲ್ಲ. ಕಿಟಕಿಯ ಕಡೆ ತಿರುಗಿಕೊಂಡು ನಕ್ಕೆ.

ಸೆಂಟಿನವರು ತಮ್ಮ ಆಯ್ಕೆಯ ಆಟವನ್ನು ಭಾನುವಾರ ಗೌರಿಬಿದನೂರಿನಲ್ಲಿ ಇಟ್ಟುಕೊಂಡರು. ಅದು ಕಿವಿಗೆ ಬಿದ್ದದ್ದೇ ಬಟ್ಟೆಚೀಲದವರು ಅದೇ ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಇಟ್ಟರು. ಎಲ್ಲಿಗೆ ಹೋಗುವುದೆಂದು ನಾನು ಯೋಚಿಸುತ್ತಿರುವಾಗಲೇ ಮನೆಯಿಂದ ಅಮ್ಮನ ಫೋನು ಬಂತು.

"ಶನಿವಾರ ಬಂದ್ಬಿಡಮ್ಮ. ಭಾನುವಾರಕ್ಕೆ ಕೆಲಸ ಇದೆ."

ಯಾವ ಕೆಲಸ ಎಂದು ಅಮ್ಮ ಹೇಳಲಿಲ್ಲ, ನಾನೂ ಕೇಳಲಿಲ್ಲ. ಜಂಗಮಕೋಟೆಯ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಎದ್ದು, ಹೊಟ್ಟೆ ತುಂಬ ಸೊಪ್ಪು ತಿಂದು, ಮೈ ಹಳದಿಯಾಗಿ ಗೂಡು ಕಟ್ಟಲು ಸಿದ್ಧವಾಗುವುದಕ್ಕೆ ಹಣ್ಣಾಗುವುದು ಅನ್ನುತ್ತೇವೆ. ಹಣ್ಣಾದ ಹುಳುವನ್ನು ಅಂದೇ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ತಡವಾದರೆ ಸಿಕ್ಕಲ್ಲೇ ನೂಲು ಬಿಟ್ಟುಕೊಂಡು ಹಾಳಾಗುತ್ತದೆ. ಆ ದಿನ ಮನೆಯವರಾರೂ ಎಲ್ಲಿಗೂ ಹೋಗುವಂತಿಲ್ಲ. ಇನ್ನೊಂದು ಕಟ್ಟೂ ಇದೆ: ಬೆಳೆ ಚಂದ್ರಿಕೆ ಹತ್ತುವವರೆಗೆ ಹೊರಗಿನವರ ಮುಂದೆ ಹುಳುವಿನ ಮಾತೆತ್ತಬಾರದು, ದೃಷ್ಟಿಯಾಗುತ್ತದೆ.

ನಾನು ವಿಜ್ಞಾನ ಓದಿದವಳು. ಆದರೂ ಆ ಕಟ್ಟನ್ನು ಮುರಿಯಲಾಗಲಿಲ್ಲ. ಇಬ್ಬರಿಗೂ ಒಂದೇ ಸಂದೇಶ ಕಳಿಸಿದೆ: ಭಾನುವಾರ ಬರಲಾಗುವುದಿಲ್ಲ, ಮನೆಯಲ್ಲಿ ಕೆಲಸವಿದೆ, ಕ್ಷಮಿಸಿ. ಇನ್ನು ಅವರು ನನ್ನನ್ನು ಮರೆತುಬಿಡುತ್ತಾರೆ ಎಂದುಕೊಂಡು ಗ್ಲೌಸನ್ನು ಚೀಲದ ತಳಕ್ಕೆ ತುರುಕಿ ಶಿಡ್ಲಘಟ್ಟದ ಬಸ್ಸು ಹತ್ತಿದೆ.

ಆ ಸಂದೇಶ ಅವರಿಬ್ಬರ ಮನಸ್ಸಿನಲ್ಲಿ ಏನಾಯಿತೆಂದು ನನಗೆ ಆಮೇಲೆ ತಿಳಿಯಿತು. ಬರೀ ಮನೆಕೆಲಸಕ್ಕೆ ಯಾವ ಹುಡುಗಿ ಇಂಥ ಅವಕಾಶ ಬಿಡುತ್ತಾಳೆ? ಖಂಡಿತ ಇನ್ನೊಬ್ಬರು ಹಾರಿಸಿಕೊಂಡು ಹೋಗಿದ್ದಾರೆ. ಇಬ್ಬರೂ ಹಾಗೆಯೇ ಲೆಕ್ಕ ಹಾಕಿದರು. ಇಬ್ಬರೂ ಪಿ.ಡಿ. ಸರ್ ಹತ್ತಿರ ನಮ್ಮ ಊರಿನ ದಾರಿ ಕೇಳಿಕೊಂಡರು. ಆಯ್ಕೆಯ ಆಟವನ್ನು ಜೊತೆಯವರ ಕೈಗೆ ಬಿಟ್ಟು, ಭಾನುವಾರ ಬಿಸಿಲೇರುವ ಹೊತ್ತಿಗೆ ಒಬ್ಬರು ಕಾರಿನಲ್ಲಿ, ಒಬ್ಬರು ಬಸ್ಸಿಳಿದು ನಡೆದುಕೊಂಡು, ನಮ್ಮ ಹುಳುಮನೆಯ ಮುಂದೆ ಎದುರುಬದುರಾದರು.

ಬಾಗಿಲಲ್ಲಿದ್ದದ್ದು ಅಜ್ಜಿ, ಅಪ್ಪನ ತಾಯಿ. ಸೊಪ್ಪು ತಿನ್ನುವ ದಿನಗಳಲ್ಲಿ ಹೊರಗಿನವರು ಹುಳುಮನೆಯ ಹೊಸಿಲು ತುಳಿಯುವಂತೆಯೇ ಇಲ್ಲ. ಹಣ್ಣಾದ ದಿನ ಮಾತ್ರ ಆಯಲು ಯಾವ ಕೈಯಾದರೂ ಸರಿ, ಘಾಟು ವಾಸನೆಯೊಂದು ಇರಬಾರದು. ಅದು ಹುಳುವಿಗೆ ಆಗಿಬರುವುದಿಲ್ಲ. ಕಾರಿನವರು ಇಳಿದದ್ದೇ ಅಜ್ಜಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಅಯ್ಯೋ, ಅಲ್ಲೇ ನಿಲ್ಲಪ್ಪೋ! ಏನಪ್ಪಾ ಇದು, ಮೈಗೆ ಪೂಸ್ಕೊಂಡು ಬಂದಿದ್ದೀಯ, ಮದುವೆಗೆ ಹೊರಟಂಗೆ?"

"ಅಜ್ಜಿ, ನಾನು ನಿಮ್ಮ ಮೊಮ್ಮಗಳ ಹತ್ತಿರ ಮಾತಾಡಬೇಕು…"

"ಮಾತಾಡು, ಬೇಡ ಅಂದೋರ್ಯಾರು? ಆ ಜಗಲಿ ಮೇಲೆ ಕೂತ್ಕೊಂಡು ಮಾತಾಡು. ನೀನ್ಯಾರಮ್ಮ? ನೀನೂ ಏನಾದ್ರೂ ಹಚ್ಕೊಂಡಿದ್ದೀಯಾ?"

"ಇಲ್ಲ ಅಜ್ಜಿ. ಬಸ್ಸಲ್ಲಿ ಬಂದೆ, ಬೆವರು ಬಿಟ್ರೆ ಇನ್ನೇನೂ ಇಲ್ಲ."

"ಹಂಗಾದ್ರೆ ಕೈಕಾಲು ತೊಳ್ಕೊಂಡು ಒಳಗೆ ಬಾ. ಸುಮ್ಮನೆ ನಿಂತ್ಕೋಬೇಡ ಮತ್ತೆ, ಹುಳ ಆಯಿ."

ನಾನು ಅಮ್ಮನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಆಯುತ್ತಿದ್ದೆ. ಬಟ್ಟೆಚೀಲದ ಕೋಚ್ ಅಮ್ಮ ಬಂದು ನನ್ನ ಎದುರು ಕೂತರು. ಹೊರಗಿನಿಂದ ಕಿಟಕಿಯ ಸರಳು ಹಿಡಿದುಕೊಂಡು ಸೆಂಟಿನವರು ಕೂಗಿದರು.

"ಅವರು ಏನು ಕೊಡ್ತೀನಿ ಅಂದಿದ್ದಾರೆ ಹೇಳಮ್ಮ. ನಾವು ಅದಕ್ಕಿಂತ ಒಂದು ಕೈ ಮೇಲೇನೇ!"

"ನಾನೇನು ಅಂದೆ? ನೀವು ತಾನೇ ಸೈನ್ ಮಾಡಿಸ್ಕೊಂಡಿರೋದು?" ಎಂದರು ಕೋಚ್ ಅಮ್ಮ.

"ನಾನಾ? ನಿಮ್ಮ ಹತ್ತಿರ ಇದಾಳೆ ಅಂತ ಓಡಿ ಬಂದೆ ನಾನು!"

ಇಬ್ಬರೂ ನನ್ನ ಕಡೆ ನೋಡಿದರು. ನಾನು ಅಜ್ಜಿಯ ಕಡೆ ನೋಡಿದೆ. ಹೇಳು ಎಂಬಂತೆ ಅವಳು ತಲೆಯಾಡಿಸಿದಳು.

"ನನ್ನ ಹತ್ತಿರ ಯಾರೂ ಸೈನ್ ಮಾಡಿಸ್ಕೊಂಡಿಲ್ಲ ಸರ್. ಹುಳ ಹಣ್ಣಾಗಿತ್ತು, ಅಷ್ಟೇ."

ಅಪ್ಪನೇ ಮೊದಲು ನಕ್ಕದ್ದು. ಬೆಳೆಯ ದಿನಗಳಲ್ಲಿ ಅಪ್ಪ ನಕ್ಕದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ಆಯುತ್ತಿದ್ದ ನೆರೆಮನೆಯ ಹೆಂಗಸರೆಲ್ಲ ನಕ್ಕರು, ಕೋಚ್ ಅಮ್ಮನಿಗೆ ನಗು ತಡೆಯಲಾಗದೆ ಕೈಯಲ್ಲಿದ್ದ ಹುಳು ತಟ್ಟೆಗೆ ಬಿತ್ತು.

ಕೋಚ್ ಅಮ್ಮನ ಆಯುವಿಕೆ ಬಲು ನಿಧಾನ. ಒಂದೊಂದು ಹುಳುವನ್ನೂ ಎತ್ತಿ, ಇದು ಹಣ್ಣೋ ಕಾಯಿಯೋ ಎಂದು ಅಮ್ಮನಿಗೆ ತೋರಿಸಿ ಕೇಳುತ್ತಿದ್ದರು. ಆದರೂ ಕೂತ ಜಾಗ ಬಿಟ್ಟು ಏಳಲಿಲ್ಲ. ಹೊರಗೆ ಬಾಡಿಗೆ ಚಂದ್ರಿಕೆಗಳ ಟೆಂಪೊ ಬಂತು, ಅಪ್ಪನಿಗೆ ಒಳಗೆ ಕೈ ಬಿಡುವಿಲ್ಲ, ಇಳಿಸಲು ಬೇರೆ ಗಂಡಾಳಿಲ್ಲ. ಸೆಂಟಿನವರು ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು ಮುಗಿಸಿ, ಯಾರೂ ಹೇಳದೆ ತಾವೇ ಹೋಗಿ ತಟ್ಟಿಗಳನ್ನು ಇಳಿಸಿ ನೆರಳಿಗೆ ಒರಗಿಸತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಟೀ ಶರ್ಟಿನ ಇಸ್ತ್ರಿ ಮಾಯವಾಗಿತ್ತು. ಸೆಂಟೂ ಬೆವರಿನಲ್ಲಿ ಹೋಗಿತ್ತೇನೋ. ಅಜ್ಜಿ ಮಾತ್ರ ಕಡೆಯವರೆಗೂ ಒಳಗೆ ಬಿಡಲಿಲ್ಲ.

ಸಂಜೆ ಕೊನೆಯ ಹುಳುವೂ ಚಂದ್ರಿಕೆ ಹತ್ತಿದ ಮೇಲೆ, ಮೂಲೆಗೆ ಹಾಕಿದ್ದ ಎರಡು ಮುರುಕು ಚಂದ್ರಿಕೆಗಳನ್ನು ಅಂಗಳದಲ್ಲಿ ನಿಲ್ಲಿಸಿ ಗೋಲು ಮಾಡಿದೆವು. ನಾನು ಗ್ಲೌಸು ಹಾಕಿಕೊಂಡೆ. ಕಾರಿನಲ್ಲಿದ್ದ ಚೆಂಡನ್ನು ಇಬ್ಬರೂ ಸರದಿಯಂತೆ ಒದ್ದರು. ಊರಿನ ಅರ್ಧ ಜನ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಿಂತಿದ್ದರು. ನಾನು ಆಡುವುದನ್ನು ನಮ್ಮ ಮನೆಯವರು ನೋಡಿದ್ದು ಅದೇ ಮೊದಲು. ಕೈಗೆ ಬಂದ ಚೆಂಡು ಎದೆಗೆ ಸದ್ದಿಲ್ಲದೆ ಸೇರುವುದನ್ನು ನೋಡಿ ಅಜ್ಜಿ ಪಕ್ಕದವರಿಗೆ ಹೇಳಿದಳು: "ನೋಡಮ್ಮ, ಹಣ್ಣು ಹುಳ ಹಿಡಿದಂಗೆ ಹಿಡೀತಾಳೆ, ಒಂಚೂರೂ ಅಮುಕಲ್ಲ."

ನಾನು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆ: "ನಾನು ಆಡ್ತೀನಾ, ಬೆಂಚಲ್ಲಿ ಕೂರ್ತೀನಾ?"

ಸೆಂಟಿನವರು ಸುಳ್ಳು ಹೇಳಲಿಲ್ಲ. ಅವರಲ್ಲಿ ಒಳ್ಳೆಯ ರೂಮು, ಒಳ್ಳೆಯ ಬೂಟು, ಒಳ್ಳೆಯ ಊಟ ಎಲ್ಲ ಇತ್ತು. ನನಗಿಂತ ಮುಂಚೆ ಇಬ್ಬರು ಗೋಲ್‌ಕೀಪರುಗಳೂ ಇದ್ದರು. ಕೋಚ್ ಅಮ್ಮ ಹೇಳಿದರು: "ನಮ್ಮಲ್ಲಿ ಇನ್ನೂ ಗೋಲ್‌ಕೀಪರೇ ಇಲ್ಲ. ಬಂದರೆ ನೀನೇ ನಿಲ್ಲಬೇಕು. ಲೀಗು ಎಷ್ಟು ವರ್ಷ ನಡೆಯುತ್ತೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ."

ನನ್ನ ಮನಸ್ಸು ಅಲ್ಲಿಗೇ ತೀರ್ಮಾನ ಮಾಡಿತ್ತು. ಬಾಯಿಬಿಟ್ಟು ಹೇಳುವುದು ಬಾಕಿಯಿತ್ತು, ಅಪ್ಪನ ಮುಖ ನೋಡುತ್ತಿದ್ದೆ. ಅಪ್ಪ ಎಂ.ಎಸ್ಸಿ. ಮುಗಿಯಲಿ, ನೋಡೋಣ ಎಂದು ಮಾತು ಶುರುಮಾಡುವಷ್ಟರಲ್ಲಿ ಅಜ್ಜಿ ಅಡ್ಡ ಬಂದಳು.

"ನೋಡೋದೇನಿದೆ? ಆಯಮ್ಮ ಬೆಳಗಿಂದ ನಮ್ಮ ಹುಳ ಆಯ್ದಿದಾಳೆ. ಮುಯ್ಯಿ ತೀರಿಸ್ಬೇಕಾ ಬೇಡ್ವಾ?"

ನಮ್ಮ ಕಡೆ ಹುಳು ಆಯುವುದು ಮುಯ್ಯಿಯ ಕೆಲಸ. ನಮ್ಮ ಮನೆಯ ಹುಳು ಹಣ್ಣಾದಾಗ ಬಂದವರ ಮನೆಗೆ, ಅವರಿಗೆ ಬೇಕಾದಾಗ ನಮ್ಮ ಮನೆಯಿಂದ ಒಬ್ಬರು ಹೋಗಲೇಬೇಕು. ಅದನ್ನು ತಪ್ಪಿಸಿದವರು ನಮ್ಮ ಬೀದಿಯಲ್ಲಿಲ್ಲ. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, ಸರಿ, ಪರೀಕ್ಷೆ ಮುಗಿಸಿ ಹೋಗಲಿ ಎಂದರು.

"ಹಾಗಾದರೆ ನಾನು ಚಂದ್ರಿಕೆ ಇಳಿಸಿದ್ದು?" ಎಂದರು ಸೆಂಟಿನವರು. ತಮಾಷೆಗೇ ಕೇಳಿದ್ದು. ಅಜ್ಜಿ ಮಾತ್ರ ತಮಾಷೆಗೆ ತೆಗೆದುಕೊಳ್ಳಲಿಲ್ಲ.

"ಹೌದಪ್ಪ, ನಿಂದೂ ಅರ್ಧ ಆಳಿನ ಕೆಲಸ ಇದೆ. ಏನಮ್ಮಾ, ಇವರಿಗೇನು ಮಾಡ್ತೀಯ?"

ನನಗೆ ಥಟ್ಟನೆ ಹೊಳೆದದ್ದು ಎಡಗಾಲಿನ ಆ ಗೋಲು. "ಗೌರಿಬಿದನೂರಲ್ಲಿ ನೀವು ಬೆನ್ನು ತಿರುಗಿಸಿದ್ದಾಗ ಒಂದು ಗೋಲಾಯ್ತು ಸರ್. ಅದನ್ನು ಹೊಡೆದವಳನ್ನ ಹೋಗಿ ನೋಡಿ," ಎಂದೆ. ನಾಳೆಯೇ ಹೋಗುತ್ತೇನೆಂದರು. ಕೋಚ್ ಅಮ್ಮನೂ ಆ ಮಾತಿಗೆ ಕಿವಿ ನಿಮಿರಿಸಿದರು. ಅದನ್ನು ಕಂಡ ಸೆಂಟಿನವರು ಆ ಸಂಜೆಯೇ ಕಾರನ್ನು ಚಿಂತಾಮಣಿಯ ಕಡೆ ತಿರುಗಿಸಿದರು.

ಪರೀಕ್ಷೆ ಮುಗಿಯಿತು. ಲೀಗಿನ ಮೊದಲ ಪಂದ್ಯ ಆಡಿ ನಾನು ಊರಿಗೆ ಬಂದಾಗ ಮುಂದಿನ ಬೆಳೆ ನಾಲ್ಕನೇ ಜ್ವರ ಎದ್ದಿತ್ತು. ಮೊಣಕಾಲು ಊದಿತ್ತು, ನೋವಿಗೆ ಸ್ಪ್ರೇ ಹೊಡೆದಿದ್ದರು. ಕುಂಟುತ್ತ ಹುಳುಮನೆಯ ಬಾಗಿಲಿಗೆ ಬಂದೆ. ಅಜ್ಜಿಯ ಸೆರಗು ಮೂಗಿಗೆ ಹೋಯಿತು.

"ಅಲ್ಲೇ ನಿಲ್ಲೇ! ಏನೇ ಅದು ಘಾಟು?"

ಜಗಲಿಯ ಮೇಲೆ ಸೆಂಟಿನವರು ಕೂತಿದ್ದ ಜಾಗದಲ್ಲೇ ಕೂತೆ. ಅಮ್ಮ ಮಜ್ಜಿಗೆ ತಂದುಕೊಟ್ಟಳು. ಒಳಗಿನಿಂದ ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣ ತುಂತುರಿನಂತೆ ಕೇಳುತ್ತಿತ್ತು. ಅಷ್ಟರಲ್ಲಿ ಸೆಂಟಿನವರ ತಂಡದಿಂದ ಫೋನು ಬಂತು.

"ಏಮ್ಮಾ ಗೋಡೆ, ಇವತ್ತು ಗೋಲು ಹೊಡ್ದೆ ಕಣೇ! ನೋಡಿದ್ಯಾ?"

"ನೋಡ್ದೆ ಕಣೇ, ಬಸ್ಸಲ್ಲಿ ಫೋನಲ್ಲಿ ನೋಡ್ದೆ. ಅದೇ ಎಡಗಾಲು."

ಫೋನಿಟ್ಟ ಮೇಲೆ ಅಜ್ಜಿ ಬಾಗಿಲ ಒಳಗಿನಿಂದಲೇ ಕೇಳಿದಳು.

"ನೀವು ಗೆದ್ರಾ?"

"ಇಲ್ಲ ಅಜ್ಜಿ. ಎರಡು ಕಡೆಯೋರೂ ಗೋಲು ಹೊಡೀಲಿಲ್ಲ."

"ನೀನು ಪೂರ್ತಿ ನಿಂತಿದ್ಯಾ?"

"ಪೂರ್ತಿ ನಿಂತಿದ್ದೆ."

"ಮತ್ತೇನು? ಸೋಪು ಹಾಕಿ ಕಾಲು ತಿಕ್ಕಿ ತೊಳ್ಕೊಂಡು ಬಾ. ಸೊಪ್ಪು ಹಾಕೋ ಹೊತ್ತಾಯ್ತು."